ಮೊದಲ ವಾರವೇ ಕೈ ಸೋಲುವವರೆಗೆ ಭಾರ ಎತ್ತಿಸುವ ಜಿಮ್‌ ಪಟ್ಟಿಯನ್ನು ಒಪ್ಪಬೇಡಿ

ಜಿಮ್‌ಗೆ ಸೇರಿದ ಹೊಸತರಲ್ಲಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ, ಮೈಕೈ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಮುಂದಿನದನ್ನು ಓದಲು ಪುರುಸೊತ್ತಿಲ್ಲದವರು ಇಷ್ಟನ್ನಾದರೂ ನೆನಪಿಟ್ಟುಕೊಳ್ಳಿ.

ನನ್ನ ತಮ್ಮ ದಾವಣಗೆರೆಯಲ್ಲಿ ಪದವಿ ಓದುತ್ತಿದ್ದಾನೆ. ಕ್ರಿಕೆಟ್ ಆಡಿಕೊಂಡಿದ್ದ, ಯಾವ ಕಾಯಿಲೆಯೂ ಇಲ್ಲದ ಹುಡುಗ. ಭಾರ ಎತ್ತಿದ ಅಭ್ಯಾಸ ಮಾತ್ರ ಇರಲಿಲ್ಲ. ಮನೆ ಹತ್ತಿರದ ಜಿಮ್‌ನವರು ಆರು ತಿಂಗಳ ಶುಲ್ಕವನ್ನು ಒಟ್ಟಿಗೇ ಕಟ್ಟಿಸಿಕೊಂಡು ಅವನ ಕೈಗೊಂದು ಪಟ್ಟಿ ಕೊಟ್ಟರು. ಸೋಮವಾರ ಎದೆ, ಮಂಗಳವಾರ ತೋಳು, ಬುಧವಾರ ಬೆನ್ನು, ಹೀಗೆ ಶನಿವಾರದವರೆಗೆ. ಒಂದೊಂದು ಭಾಗಕ್ಕೆ ಐದಾರು ವ್ಯಾಯಾಮ, ಒಂದೊಂದಕ್ಕೂ ನಾಲ್ಕು ಸೆಟ್ (ನಡುವೆ ನಿಲ್ಲಿಸದೆ ಎತ್ತುವ ಒಂದು ಸುತ್ತು ಒಂದು ಸೆಟ್), ಕೊನೆಯ ಸೆಟ್ ‘ಫೇಲ್ಯೂರ್’ ತನಕ, ಅಂದರೆ ಇನ್ನೊಮ್ಮೆ ಎತ್ತಲು ಕೈ ಏಳುವುದೇ ಇಲ್ಲ ಎನ್ನುವವರೆಗೆ. ದೇಹದಾರ್ಢ್ಯ ಸ್ಪರ್ಧೆಗೆ ಸಿದ್ಧರಾಗುವಾಗ ತರಬೇತುದಾರರು ತಮಗಾಗಿ ಬರೆದುಕೊಂಡಿದ್ದ ಪಟ್ಟಿ ಅದು ಎಂದು ನಮಗೆ ಆಮೇಲೆ ತಿಳಿಯಿತು. ವರ್ಷಗಟ್ಟಲೆ ದೇಹ ಪಳಗಿಸಿದವರ ಪಟ್ಟಿಯ ಜೆರಾಕ್ಸ್ ಪ್ರತಿಯೇ ನಿನ್ನೆ ಬಂದ ಹುಡುಗನಿಗೂ.

ಅನಾಹುತವಾದದ್ದು ತೋಳಿನ ದಿನ. ರಾಡ್ ಹಿಡಿದು ಕರ್ಲ್ (ಮೊಣಕೈ ಮಡಿಸಿ ಭಾರ ಎತ್ತುವುದು), ಡಂಬೆಲ್ ಹಿಡಿದು ಕರ್ಲ್, ಹ್ಯಾಮರ್ ಕರ್ಲ್, ಪ್ರೀಚರ್ ಬೆಂಚಿನ ಮೇಲೆ ಮತ್ತೊಂದು ಕರ್ಲ್. ಕೈ ಸೋತಾಗ ಪ್ಲೇಟ್ ಕಳಚಿ, ವಿಶ್ರಾಂತಿ ಕೊಡದೆ ಮತ್ತೆ ಎತ್ತಿಸಿದರು. ಅದೂ ಆಗದಿದ್ದಾಗ ತರಬೇತುದಾರರೇ ರಾಡ್ ಎತ್ತಿಕೊಟ್ಟು, ‘ಈಗ ನಿಧಾನವಾಗಿ ಇಳಿಸು’ ಎಂದು ಇಳಿಸುವ ಕೆಲಸವನ್ನಷ್ಟೇ ಮಾಡಿಸಿದರು. ಸ್ನಾಯುವಿನ ಎಳೆಗಳು ಹೆಚ್ಚು ಹರಿಯುವುದು ಹೀಗೆ ಭಾರವನ್ನು ತಡೆತಡೆದು ಇಳಿಸುವಾಗಲೇ.

ಮರುದಿನ ಅವನ ಮೊಣಕೈಗಳು ನೇರವಾಗಲಿಲ್ಲ. ತಲೆ ಬಾಚಲು ಕೈ ಎತ್ತಲಾಗದೆ ನನ್ನನ್ನು ಕರೆದ. ತೋಳು ಊದಿ ಬಿಗಿದಿತ್ತು. ತರಬೇತುದಾರರಿಗೆ ಫೋನ್ ಮಾಡಿ ಕೇಳಿದರೆ, ‘ಮಾಮೂಲಿ ನೋವು, ಬಂದು ಇನ್ನೆರಡು ಸೆಟ್ ಹೊಡೆದರೆ ಬಿಟ್ಟುಹೋಗುತ್ತದೆ’ ಎಂಬ ಉತ್ತರ. ಹೋದ, ಬೆನ್ನಿನ ಪಟ್ಟಿಯನ್ನು ಪೂರ್ತಿ ಮಾಡಿಸಿದರು. ಬೆನ್ನಿಗೆಂದು ಎಳೆಯುವ ಪ್ರತಿ ವ್ಯಾಯಾಮದಲ್ಲೂ ತೋಳಿನ ಅದೇ ಸ್ನಾಯು ದುಡಿಯುತ್ತದೆ. ಆ ರಾತ್ರಿ, ‘ಅಕ್ಕಾ, ಮೂತ್ರ ಕಪ್ಪಗೆ ಬರುತ್ತಿದೆ’ ಎಂದ.

ಮೊದಲು ಹೋದ ಕ್ಲಿನಿಕ್‌ನಲ್ಲಿ ಕಾಮಾಲೆ ಇರಬಹುದೆಂದು ರಕ್ತಪರೀಕ್ಷೆ ಮಾಡಿಸಿದರು. ಯಕೃತ್ತಿನ ತೊಂದರೆ ಪತ್ತೆಗೆ ನೋಡುವ ಎಸ್‌ಜಿಒಟಿ ಎಂಬ ಕಿಣ್ವ ಏರಿತ್ತು, ಅನುಮಾನ ಬಲವಾಯಿತು. ಆದರೆ ಆ ಕಿಣ್ವ ಯಕೃತ್ತಿನಲ್ಲಿ ಮಾತ್ರವಲ್ಲ, ಸ್ನಾಯುವಿನಲ್ಲೂ ಇರುತ್ತದೆ. ದೊಡ್ಡ ಆಸ್ಪತ್ರೆಯ ವೈದ್ಯೆ ಮೂತ್ರದ ವರದಿ ನೋಡಿದರು. ಮೂತ್ರದಲ್ಲಿ ಅದ್ದಿ ನೋಡುವ ಡಿಪ್‌ಸ್ಟಿಕ್ ಪರೀಕ್ಷೆಯಲ್ಲಿ ರಕ್ತವಿದೆ ಎಂದು ಬಂದಿದ್ದರೂ ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣಗಳು ಕಂಡಿರಲಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆಯೇ, ‘ಹೊಸದಾಗಿ ಜಿಮ್‌ಗೆ ಸೇರಿದ್ದೀಯೇನಪ್ಪಾ?’ ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಸಿಪಿಕೆ ಎಂಬ ಕಿಣ್ವ 200ರ ಆಸುಪಾಸಿನೊಳಗೆ ಇರಬೇಕಿತ್ತು, 50,000 ದಾಟಿತ್ತು.

ಇದಕ್ಕೆ ರ‍್ಯಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಸ್ನಾಯುಕೋಶಗಳು ಒಡೆದು ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಮೂತ್ರವನ್ನು ಕಪ್ಪಾಗಿಸುವುದೂ ಡಿಪ್‌ಸ್ಟಿಕ್‌ನಲ್ಲಿ ರಕ್ತದಂತೆ ತೋರುವುದೂ ಇದೇ. ಜೊತೆಗೇ ಹೊರಬೀಳುವ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಈ ಹೊತ್ತಿನಲ್ಲಿ ಮೂತ್ರಪಿಂಡಕ್ಕೆ ಇನ್ನಷ್ಟು ಪೆಟ್ಟು ಕೊಡುತ್ತವೆ. ತಮ್ಮನಿಗೆ ಹಗಲೂ ರಾತ್ರಿ ಡ್ರಿಪ್ ಹಾಕಿದರು, ಇಸಿಜಿ ತೆಗೆದರು, ಹೋದ ಮೂತ್ರವನ್ನೆಲ್ಲ ಅಳೆದರು. ಡಯಾಲಿಸಿಸ್ ಬೇಕಾಗಲಿಲ್ಲ. ಆ ವಾರ್ಡಿನ ಹೊರಗೆ ನಮ್ಮ ಅಮ್ಮ ಕುಳಿತಿದ್ದುದನ್ನು ನಾನು ಬೇರೆ ಯಾರ ಅಮ್ಮನಿಗೂ ಬಯಸುವುದಿಲ್ಲ.

ಜಿಮ್‌ನವರು ಹೇಳಿದ್ದು, ‘ನೀರು ಕಡಿಮೆ ಕುಡಿದಿದ್ದಾನೆ’ ಎಂದು. ಈ ಮಾತೇ ನನ್ನನ್ನು ಬರೆಯಲು ಕೂರಿಸಿತು. ನೀರಿನ ಕೊರತೆ, ಸೆಕೆ ಅಪಾಯವನ್ನು ಹೆಚ್ಚಿಸುತ್ತವೆ, ನಿಜ. ಆದರೆ ಬಾಟಲಿಗಟ್ಟಲೆ ನೀರು ಕುಡಿದಿದ್ದರೂ ಪಳಗದ ಸ್ನಾಯುವಿನ ಮೇಲೆ ಆ ಪಟ್ಟಿ ಹೇರಿದ ಹೊರೆ ಕಡಿಮೆಯಾಗುತ್ತಿರಲಿಲ್ಲ. ಕಬ್ಬಿಣವೇ ಬೇಕೆಂದೂ ಇಲ್ಲ. ಅಭ್ಯಾಸವಿಲ್ಲದವರು ನೂರಾರು ಬಸ್ಕಿ ಹೊಡೆದರೆ ತೊಡೆಯಲ್ಲಿ ಇದೇ ಆಗಬಹುದು.

ಹಗುರವಾಗಿ ಒಮ್ಮೆ ದುಡಿದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸವನ್ನು ಕಡಿಮೆ ಹಾನಿಯಿಂದ ತಾಳಿಕೊಳ್ಳುತ್ತದೆ. ಮೊದಲ ವಾರಗಳ ಉದ್ದೇಶ ಈ ರಕ್ಷಣೆ ಗಳಿಸುವುದೇ ಹೊರತು ತೋಳು ಬೆಳೆಸುವುದಲ್ಲ. ಹೊಸ ಹೋರಿಗೆ ನೊಗ ಹೂಡಿದ ರೈತ ಮೊದಲ ದಿನವೇ ಅದರಿಂದ ಇಡೀ ಹೊಲದ ಉಳುಮೆ ಮಾಡಿಸುವುದಿಲ್ಲ. ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಭಾರ ಎತ್ತಿಸಿ ಚಿಕಿತ್ಸೆ ಕೊಟ್ಟವರು. 1945ರಲ್ಲಿ ಏಳರಿಂದ ಹತ್ತು ಸೆಟ್ ಹೇಳಿದ್ದ ಅವರೇ 1948ರ ಹೊತ್ತಿಗೆ ಮೂರು ಸೆಟ್‌ಗೆ ಇಳಿದರು. ಹತ್ತು ಬಾರಿ ಎತ್ತಬಲ್ಲ ಭಾರದ ಅರ್ಧ, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ಅಷ್ಟು ಸಾಕೆಂದು ಅವರಿಗೆ ಕಂಡಿತ್ತು.

ಹಾಗಾಗಿ ಕೈಗೆ ಬಂದ ಪಟ್ಟಿಯನ್ನು ಎತ್ತುವ ಮೊದಲು ಓದಿ. ಹೊಸಬರಿಗೆ ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನದ ಬಿಡುವು, ಪ್ರತಿ ಸಲವೂ ಇಡೀ ದೇಹಕ್ಕೆ ಸ್ವಲ್ಪ ಸ್ವಲ್ಪ ಕೆಲಸ: ಬಸ್ಕಿಯಂಥ ಒಂದು ಸ್ಕ್ವಾಟ್, ಒಂದು ತಳ್ಳುವುದು, ಒಂದು ಎಳೆಯುವುದು, ಸೊಂಟ ಬಾಗಿಸಿ ಎತ್ತುವುದು ಒಂದು. ಆರಂಭದಲ್ಲಿ ಒಂದೆರಡು ಸೆಟ್, ಇನ್ನೂ ಮೂರು ಬಾರಿ ಎತ್ತಬಹುದು ಎನ್ನಿಸುವಾಗಲೇ ಕೆಳಗಿಡಬೇಕು. ಒಲಿಂಪಿಕ್ ರಾಡ್ ಖಾಲಿಯಿದ್ದರೂ 20 ಕಿಲೋ ತೂಗುತ್ತದೆ, ಅನೇಕರಿಗೆ ಅದೇ ಹೆಚ್ಚು. ಚಿಕ್ಕ ಡಂಬೆಲ್ ಕೇಳಲು ನಾಚಬೇಡಿ. ಭಾರ ಏರಿಸುವಾಗ ಎರಡೂ ಬದಿಗೆ 1.25 ಕಿಲೋ ಪ್ಲೇಟ್ ಸಾಕು. ನಿಮ್ಮ ಕಾಯಿಲೆ, ಇತ್ತೀಚಿನ ಜ್ವರ, ಹಳೆಯ ಪೆಟ್ಟು ಯಾವುದನ್ನೂ ಕೇಳದೆ ಪಟ್ಟಿ ಚಾಚುವ ತರಬೇತುದಾರರ ಬಳಿ ಆರು ತಿಂಗಳ ಹಣ ಕಟ್ಟಬೇಡಿ. ನಮ್ಮ ಹಣವನ್ನು ಅವರು ಹಿಂದಿರುಗಿಸಲಿಲ್ಲ.

ಆಸ್ಪತ್ರೆಗೆ ಹೋಗುವ ಸಂದರ್ಭ ಬಂದರೆ, ಯಾವ ದಿನ ಯಾವ ವ್ಯಾಯಾಮ ಮಾಡಿದಿರಿ, ಯಾವ ಮಾತ್ರೆ ಅಥವಾ ಪುಡಿ ತೆಗೆದುಕೊಂಡಿರಿ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ. ಸಿಪಿಕೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಬೇಕೇ ಎಂದು ನೀವೇ ಕೇಳಿ. ಆ ಜೆರಾಕ್ಸ್ ಪಟ್ಟಿ ಮನೆಯಲ್ಲಿದ್ದರೆ ಜೊತೆಗೆ ಒಯ್ಯಿರಿ.