ಮೃತ್ಯುಪತ್ರ, ದಾನಪತ್ರ, ಟ್ರಸ್ಟ್: ಮೂರನ್ನೂ ಮಾಡಿಸಿದವರ ಹೋಲಿಕೆ

ನಮ್ಮ ತಂದೆಯವರ ಸ್ವಯಾರ್ಜಿತ ಆಸ್ತಿಯೆಂದರೆ ಕಲಬುರಗಿಯಲ್ಲಿ ಬಾಡಿಗೆಗೆ ಕೊಟ್ಟ ಒಂದು ಮನೆ, ಊರಂಚಿನ ಒಂದು ನಿವೇಶನ ಮತ್ತು ಆಳಂದ ತಾಲ್ಲೂಕಿನಲ್ಲಿ ತೊಗರಿ ಬೆಳೆಯುವ ಹೊಲ. ಮಕ್ಕಳು ಮೂವರು: ನಾನು, ತಂಗಿ ಮತ್ತು ಬೌದ್ಧಿಕ ನ್ಯೂನತೆಯಿರುವ ತಮ್ಮ.

ಹೊಲಕ್ಕೆ ಮೃತ್ಯುಪತ್ರ ಬರೆಸಿದೆವು. ಖರ್ಚಿನಲ್ಲಿ ಇದೇ ಹಗುರ: ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಲ್ಲ, ಮನಸ್ಸು ಬದಲಾದರೆ ಹೊಸದನ್ನು ಬರೆಯಬಹುದು. ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ತಕರಾರು ಕೋರ್ಟಿಗೆ ಹೋದರೆ ಅವರಲ್ಲೊಬ್ಬರು ಬಂದು ಹೇಳಬೇಕಾಗುವುದರಿಂದ ತಂದೆಯ ಓರಗೆಯವರನ್ನು ಬಿಟ್ಟು ನನ್ನ ಓರಗೆಯವರನ್ನು ಕರೆದೆವು. ಹೊಲ ಪಿತ್ರಾರ್ಜಿತವಾಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ತಂಗಿಗೂ ಹುಟ್ಟಿನಿಂದಲೇ ಸಮಪಾಲಿರುತ್ತಿತ್ತು, ತಂದೆ ತಮ್ಮ ಪಾಲಿನಷ್ಟಕ್ಕೆ ಮಾತ್ರ ಬರೆಯಬಹುದಿತ್ತು.

ನಿವೇಶನವನ್ನು ತಂಗಿಗೆ ದಾನಪತ್ರದ ಮೂಲಕ ಕೊಟ್ಟರು. ಇದಕ್ಕೆ ನೋಂದಣಿ ಕಡ್ಡಾಯ, ಹಕ್ಕು ಕೂಡಲೇ ಕೈಬದಲಾಗುತ್ತದೆ, ಮನಸ್ಸು ಬಂದಾಗ ಹಿಂಪಡೆಯಲಾಗದು. ಹಿರಿಯರನ್ನು ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲಿದ್ದು ಅದು ಮುರಿದರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ರದ್ದುಪಡಿಸಿಕೊಳ್ಳಲು ಅವಕಾಶವಿದೆ. “ಮಗಳಿಗಿ ಕೊಡ್ಲಾಕ ಕರಾರು ಯಾಕ?” ಎಂದು ತಂದೆ ಅದನ್ನು ಬರೆಸಲಿಲ್ಲ.

ತಮ್ಮನ ವಿಷಯದಲ್ಲಿ ಇವೆರಡೂ ಸಾಲವು. ಮನೆ ಅವನ ಹೆಸರಿಗೆ ಬಂದರೂ ಬಾಡಿಗೆ ಕರಾರಿಗೆ ಸಹಿ ಹಾಕುವವರು ಯಾರು? ಹದಿನೆಂಟು ದಾಟಿದವರಿಗೆ ತಂದೆತಾಯಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿಯಿಂದ ಪೋಷಕರ ನೇಮಕವಾಗಬೇಕು. ಆದ್ದರಿಂದ ಮನೆಯನ್ನು 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಟ್ರಸ್ಟಿಗೆ, ಅಂದರೆ ಒಬ್ಬರ ಹಿತಕ್ಕಾಗಿ ಬೇರೆಯವರು ಆಸ್ತಿ ನೋಡಿಕೊಳ್ಳುವ ವ್ಯವಸ್ಥೆಗೆ, ವರ್ಗಾಯಿಸಿ, ಪತ್ರ ನೋಂದಾಯಿಸಿದೆವು. ಟ್ರಸ್ಟಿಗಳು ನಾನು, ತಂಗಿ ಮತ್ತು ಸಂಬಂಧಿಕರಲ್ಲದ ಒಬ್ಬ ಲೆಕ್ಕಪರಿಶೋಧಕರು. ಬಾಡಿಗೆಯಲ್ಲಿ ಮೊದಲು ತಮ್ಮನ ಔಷಧಿ, ಊಟ ಮತ್ತು ನೋಡಿಕೊಳ್ಳುವವರ ಸಂಬಳ, ಉಳಿದದ್ದು ಅವನ ಠೇವಣಿಗೆ. ಮೂವರ ಒಪ್ಪಿಗೆಯಿಲ್ಲದೆ ಮಾರಾಟವಿಲ್ಲ. ಅವನೊಬ್ಬನೇ ಫಲಾನುಭವಿ, ಪೂರ್ಣ ಪಾಲು ಅವನದೇ ಎಂದು ಸ್ಪಷ್ಟವಾಗಿ ಬರೆಸುವುದು ಮುಖ್ಯ. ಪಾಲು ನಿಗದಿಯಾಗದ ಟ್ರಸ್ಟಿನ ಆದಾಯಕ್ಕೆ ಸಾಮಾನ್ಯವಾಗಿ ಗರಿಷ್ಠ ದರದ ತೆರಿಗೆ ಬೀಳುತ್ತದೆ.

ಪ್ರತ್ಯೇಕ ಪ್ಯಾನ್, ಬ್ಯಾಂಕ್ ಖಾತೆ, ವರ್ಷ ವರ್ಷದ ಲೆಕ್ಕ ಇವೆಲ್ಲ ಟ್ರಸ್ಟಿನ ಹೊರೆ. ತಮ್ಮ ವ್ಯವಹಾರ ತಾವೇ ನೋಡಿಕೊಳ್ಳಬಲ್ಲ ಮಕ್ಕಳಷ್ಟೇ ಇದ್ದಿದ್ದರೆ ನಾನು ನೋಂದಾಯಿತ ಮೃತ್ಯುಪತ್ರಕ್ಕೇ ನಿಲ್ಲಿಸುತ್ತಿದ್ದೆ. ಟ್ರಸ್ಟ್ ಪತ್ರದಲ್ಲಿ ಹೆಚ್ಚು ಚರ್ಚೆಯಾದದ್ದು ಹಣದ ಕಲಮಲ್ಲ, ನಮ್ಮಲ್ಲಿ ಒಬ್ಬರು ತೀರಿಕೊಂಡರೆ ಆ ಜಾಗಕ್ಕೆ ಬರುವವರನ್ನು ಯಾರು ಆರಿಸಬೇಕೆಂಬುದು. ಉಳಿದಿಬ್ಬರೂ ಸೇರಿ ಆರಿಸಬೇಕು, ಹೊಸಬರು ತಮ್ಮನಿಗಿಂತ ಚಿಕ್ಕವರಾಗಿರಬೇಕು ಎಂದು ಬರೆಸಿದ್ದೇವೆ.