ತಲೆಗೆ ಶ್ಯಾಂಪೂ ಹಾಕಿದಾಗಲೇ ಆರುವ ಗ್ಯಾಸ್ ಗೀಸರ್: ಮೂರು ವರ್ಷದ ಅನುಭವ

ಆರು ಲೀಟರಿನ ಮಾಡೆಲ್. ಉಳಿದ ವಿವರವೆಲ್ಲ ಬಾಕ್ಸ್ ಮೇಲಿದೆ, ನೀವೂ ಓದಿರುತ್ತೀರಿ.

ವಿಜಯನಗರದಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ಅದರ ಮೇಲೆ ಟೆರೇಸು, ನೀರಿನ ಟ್ಯಾಂಕು. ಗೀಸರನ್ನು ಬಚ್ಚಲಿನ ಹೊರಗೆ, ಯುಟಿಲಿಟಿಯಲ್ಲಿ ಹಾಕಿಸಿದ್ದೇವೆ. ಒಳಗೆ ಹಾಕಿಸಬೇಡಿ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಂಡರೆ ಅದಕ್ಕೆ ವಾಸನೆಯೂ ಇಲ್ಲ, ಗೊತ್ತೂ ಆಗುವುದಿಲ್ಲ.

ನಲ್ಲಿ ತಿರುಗಿಸಿದರೆ ಟಕ್ ಟಕ್ ಟಕ್ ಅಂತ ಕಿಡಿ, ಆಮೇಲೆ ಭುಸ್ ಎಂದು ಉರಿ. ಆ ಭುಸ್ ಕೇಳಿದ ಮೇಲೆಯೇ ನಾನು ಟವೆಲ್ ಹುಡುಕುವುದು. ಮೊದಲ ಎರಡು ಚೊಂಬು ತಣ್ಣೀರು ತುಳಸಿ ಗಿಡಕ್ಕೆ. ಮೂರನೆಯದಕ್ಕೆ ಕೈಯಿಟ್ಟರೆ ಹದವಾಗಿರುತ್ತದೆ. ಮೊದಲ ವರ್ಷವಿಡೀ ಹೀಗೇ ನಡೆಯಿತು, ನಾನು ಕಂಡವರಿಗೆಲ್ಲ ಇದನ್ನೇ ತಗೊಳ್ಳಿ ಎಂದೆ.

ಎರಡನೇ ಚಳಿಗಾಲಕ್ಕೆ ಕಾಟ ಶುರುವಾಯಿತು. ಒಂದು ದಿನ ಸರಿ, ಮರುದಿನ ಮಧ್ಯದಲ್ಲೇ ಆರುತ್ತಿತ್ತು. ಅದೂ ಸರಿಯಾಗಿ ತಲೆ ತುಂಬಾ ನೊರೆ ಇರುವಾಗ. ಊರಿಂದ ಬಂದಿದ್ದ ಅಮ್ಮ ಹೊರಗಿನಿಂದ ಕೇಳಿದರು: "ನಮ್ಮ ಹಂಡೆ ಒಲೆ ಯಾವತ್ತಾದ್ರೂ ಹೀಗೆ ಕೈ ಕೊಟ್ಟಿತ್ತೇನೋ?"

ಸರ್ವಿಸ್‌ನವರು ಬಂದರು, ಹನ್ನೊಂದು ಗಂಟೆಗೆ. ಆಗ ಚೆನ್ನಾಗಿಯೇ ಉರಿಯಿತು. ಎರಡು ದಪ್ಪ ಬ್ಯಾಟರಿ ಬದಲಾಯಿಸಿ ದುಡ್ಡು ತಗೊಂಡು ಹೋದರು. ಮುಂದಿನ ಸಲ "ಬೋರ್ಡ್ ಹೋಗಿದೆ ಸಾರ್, ಸಾವಿರದ ಎಂಟುನೂರು ಆಗುತ್ತೆ" ಎಂದರು. ಹೋಗಿರುವ ಬೋರ್ಡು ದಿನ ಬಿಟ್ಟು ದಿನ ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿದೆ. ಉತ್ತರವಿಲ್ಲ.

ಗುಟ್ಟು ಹಿಡಿದವಳು ನನ್ನ ಹೆಂಡತಿ. "ಕಾವೇರಿ ನೀರು ಬಂದ ದಿನ ಇದು ಆರೋದೇ ಇಲ್ಲ, ನೋಡಿದ್ರಾ?" ಎಂದಳು. ಹೌದಲ್ವಾ! ಆ ದಿನ ಓನರ್ ಬೆಳಗ್ಗೆ ಐದಕ್ಕೇ ಮೋಟರ್ ಹಾಕುತ್ತಾರೆ, ಟ್ಯಾಂಕು ತುಂಬಿರುತ್ತದೆ. ಮಿಕ್ಕ ದಿನ ಏಳೂವರೆ ಆದ ಮೇಲೆ ಬೋರ್‌ವೆಲ್ ಮೋಟರ್. ಅಷ್ಟರಲ್ಲಿ ನನ್ನ ಸ್ನಾನದ ಹೊತ್ತು, ಟ್ಯಾಂಕು ಅರ್ಧ ಖಾಲಿ.

ಈ ಗೀಸರಿನೊಳಗೆ ಒಂದು ರಬ್ಬರ್ ಡಯಾಫ್ರಮ್, ಅಂದರೆ ಬಾಗುವ ತೆಳು ಪೊರೆ, ಇದೆ. ಹರಿಯುವ ನೀರು ಅದನ್ನು ಒತ್ತಿದರೆ ಗ್ಯಾಸ್ ತೆರೆಯುತ್ತದೆ, ಒತ್ತಡ ಸಾಲದಿದ್ದರೆ ಮುಚ್ಚುತ್ತದೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ನಮ್ಮ ಟ್ಯಾಂಕಿನ ತಳ ಗೀಸರಿಗಿಂತ ಎರಡು ಮೀಟರ್ ಮೇಲಿದ್ದರೆ ಹೆಚ್ಚು. ಸಾಲದ್ದಕ್ಕೆ ನಾನು ಶ್ಯಾಂಪೂ ಹೊತ್ತಿಗೆ ನಲ್ಲಿಯನ್ನು ಸಣ್ಣಗೆ ಮಾಡಿ, ಮಿಕ್ಸರಿನಲ್ಲಿ ತಣ್ಣೀರೂ ಬೆರೆಸುತ್ತಿದ್ದೆ. ಬಿಸಿ ಲೈನಿನ ಹರಿವು ಇನ್ನೂ ಇಳಿಯದೆ ಏನಾದೀತು?

ಒಂದು ಭಾನುವಾರ ಗ್ಯಾಸ್, ನೀರು ಎರಡೂ ಬಂದ್ ಮಾಡಿ, ತಣ್ಣೀರು ಒಳಹೋಗುವ ಕಡೆಯ ನಟ್ ಬಿಚ್ಚಿದೆ. ಬೆರಳ ತುದಿಯಷ್ಟು ಸಣ್ಣ ಜಾಲರಿ. ಅದರ ತುಂಬಾ ಬೋರ್‌ವೆಲ್ಲಿನ ಬಿಳಿ ಚಕ್ಕೆ, ಒದ್ದೆ ರಂಗೋಲಿ ಪುಡಿಯ ಹಾಗೆ. ವಿನೆಗರಿನಲ್ಲಿ ನೆನೆಸಿಟ್ಟು ಹಳೆ ಟೂತ್‌ಬ್ರಷ್‌ನಲ್ಲಿ ತಿಕ್ಕಿದೆ. ಖರ್ಚು ಸೊನ್ನೆ. ಈಗ ಬಿಸಿನೀರಿನ ನಲ್ಲಿ ಪೂರ್ತಿ ತೆರೆಯುತ್ತೇನೆ, ಬಿಸಿ ಜಾಸ್ತಿಯಾದರೆ ಗ್ಯಾಸ್ ನಾಬ್ ಇಳಿಸುತ್ತೇನೆ, ತಣ್ಣೀರು ಬೆರೆಸುವುದಿಲ್ಲ. ತಿಂಗಳಿಗೊಮ್ಮೆಯೂ ಆರುವುದಿಲ್ಲ. ಪ್ರೆಶರ್ ಪಂಪ್ ಹಾಕಿಸಿದರೆ ಅದೂ ಇರುವುದಿಲ್ಲವಂತೆ. ಬಾಡಿಗೆ ಮನೆಗೆ ಅಷ್ಟು ಸುರಿಯಲು ನನಗೆ ಮನಸ್ಸಿಲ್ಲ.

ಹಾಗಾದರೆ ಗೀಸರ್ ಕೆಟ್ಟದ್ದಲ್ಲ. ಸಿಟ್ಟಿರುವುದು ಮಾರಿದವರ ಮೇಲೆ. ಮನೆಯಲ್ಲಿ ಎಷ್ಟು ಜನ, ಯಾವ ಬಣ್ಣ ಬೇಕು ಅಂತ ಕೇಳಿದರೇ ಹೊರತು ಟ್ಯಾಂಕು ಎಷ್ಟು ಎತ್ತರದಲ್ಲಿದೆ ಅಂತ ಕೇಳಲಿಲ್ಲ. ಕೆಳಗಿನ ಮಹಡಿಯವರಾದರೆ ಕಣ್ಣು ಮುಚ್ಚಿ ತಗೊಳ್ಳಿ. ಟ್ಯಾಂಕಿನ ಕೆಳಗೇ ಇರುವವರು ಮೊದಲು ಟೆರೇಸ್ ಹತ್ತಿ ನೋಡಿ ಬನ್ನಿ. ಐದಕ್ಕೆ ಮೂರು ಸ್ಟಾರ್.

ಕಳೆದ ದೀಪಾವಳಿಗೆ ಐದು ಜನರ ಎಣ್ಣೆಸ್ನಾನ ಒಂದೇ ಸಮನೆ ಮುಗಿಯಿತು, ಒಮ್ಮೆಯೂ ಆರಲಿಲ್ಲ. ಆದರೂ ಅಮ್ಮ ಇದನ್ನು ನಂಬಿಲ್ಲ. ಒಂದು ಬಕೆಟ್ ಬಿಸಿನೀರು ತುಂಬಿ ಪಕ್ಕಕ್ಕಿಟ್ಟುಕೊಂಡೇ ತಲೆಗೆ ನೀರು ಹಾಕಿಕೊಳ್ಳುವುದು.