ಆಸ್ಪತ್ರೆ ಕೌಂಟರಿನಲ್ಲಿ ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ

ಶಿರಸಿ, ಸಿದ್ದಾಪುರ, ಕುಮಟಾ ಕಡೆಯವರು ದಯವಿಟ್ಟು ಓದಿ. ತಲೆಗೆ ಜೋರು ಪೆಟ್ಟಾದರೆ ನಾವು ಹುಬ್ಬಳ್ಳಿಗೋ ಮಂಗಳೂರಿಗೋ ಓಡಬೇಕು. ಹಾಗೆ ಓಡಿದ ರಾತ್ರಿ ನಾನು ಮಾಡಿದ ತಪ್ಪು ಇದು.

ಎರಡು ವರ್ಷದ ಹಿಂದಿನ ಮಳೆಗಾಲ. ಅಪ್ಪಯ್ಯ ತೋಟದ ಸಂಕದ ಮೇಲೆ ಜಾರಿ ಬಿದ್ದರು. ಆಂಬುಲೆನ್ಸ್ ದೇವಿಮನೆ ಘಟ್ಟ ಇಳಿದು ಮಂಗಳೂರು ಮುಟ್ಟುವಾಗ ರಾತ್ರಿ ಎರಡೂವರೆ. ಕೈಯಲ್ಲಿದ್ದ ಐವತ್ತು ಸಾವಿರ ಕಟ್ಟಿದೆ, ಸಾಲದು ಎಂದರು. "ಒಂದು ಚೆಕ್ ಕೊಡಿ ಸರ್, ಬರೀ ಸೆಕ್ಯೂರಿಟಿಗೆ. ಸಹಿ ಸಾಕು." ಒಳಗೆ ಅಪ್ಪಯ್ಯನ ಬಾಯಿಗೆ ಕೊಳವೆ ಹಾಕುತ್ತಿದ್ದರು. ಸಹಿ ಹಾಕಿ ಕೊಟ್ಟೆ.

ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ನೋಂದಾಯಿತ ಆಸ್ಪತ್ರೆಯಲ್ಲಿ ಅದಕ್ಕೆಂದೇ ಆರೋಗ್ಯಮಿತ್ರ ಕೂತಿರುತ್ತಾರೆ. ನಾನು ಕಾರ್ಡನ್ನು ಮನೆಯಲ್ಲೇ ಬಿಟ್ಟಿದ್ದೆ, ಯಾರನ್ನೂ ಕೇಳಲೂ ಇಲ್ಲ.

ಹದಿನಾಲ್ಕನೇ ದಿನ ಅಪ್ಪಯ್ಯ ತೀರಿಕೊಂಡರು. ಬಿಲ್ 4,86,000. ವೆಂಟಿಲೇಟರ್ ತೆಗೆದ ಮೇಲಿನ ಎರಡು ದಿನಕ್ಕೂ ಅದರ ಬಾಡಿಗೆ ಹಾಕಿದ್ದರು. ಕೇಳಿದ್ದಕ್ಕೆ "ನೋಡ್ತೇವೆ" ಎಂದರು. ಆಗಲೇ ಬರೆದು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಬೇಕಿತ್ತು. ದುಡ್ಡು ಕಟ್ಟದೆ ದೇಹ ಕೊಡೋದಿಲ್ಲ ಎಂದಾಗ ಭಾವನ ಹತ್ತಿರ ಎರಡು ಲಕ್ಷ ಸಾಲ ಮಾಡಿ ಕಟ್ಟಿದೆ. ಬಾಕಿಗಾಗಿ ಶವ ಹಿಡಿದಿಡುವಂತಿಲ್ಲ ಎಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲೇ ಇದೆಯಂತೆ. ಆಗ ಗೊತ್ತಿರಲಿಲ್ಲ.

ಉಳಿದದ್ದು ಚಾಲಿ ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಎಂದಿದ್ದೆ. ಅಷ್ಟರೊಳಗೆ ಚೆಕ್ಕು ಬ್ಯಾಂಕಿಗೆ ಹೋಗಿ ಬೌನ್ಸ್ ಆಗಿತ್ತು. ವಕೀಲರ ನೋಟಿಸ್ ಬಂತು. ಪರಿಚಯದವರೊಬ್ಬರು "ತಗೊಳ್ಳಬೇಡ, ಏನೂ ಆಗೋದಿಲ್ಲ" ಎಂದರು, ವಾಪಸ್ ಕಳಿಸಿದೆ. ಇದು ಎರಡನೇ ತಪ್ಪು, ಮೊದಲಿನದಕ್ಕಿಂತ ದೊಡ್ಡದು. ಪಡೆಯದೆ ಕಳಿಸಿದರೂ ನೋಟಿಸ್ ತಲುಪಿದಂತೆಯೇ ಲೆಕ್ಕ. ತಲುಪಿದ 15 ದಿನದೊಳಗೆ ಹಣ ಕೊಟ್ಟರೆ ಕೇಸು ಹಾಕಲು ಬರುವುದಿಲ್ಲ. ದಾಟಿದರೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138, ಅದು ಕ್ರಿಮಿನಲ್ ಕೇಸು: ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ.

ಕೇಸು ನಡೆದದ್ದು ಶಿರಸಿಯಲ್ಲಲ್ಲ. ಅದೇ ಕಾಯ್ದೆಯ 2015ರ ತಿದ್ದುಪಡಿಯಂತೆ ಚೆಕ್ ಪಡೆದವರ ಬ್ಯಾಂಕ್ ಖಾತೆ ಎಲ್ಲಿದೆಯೋ ಅಲ್ಲಿನ ಕೋರ್ಟು. ಮುದ್ದತ್ತಿಗೆಂದು ಬೆಳಗಿನ ಜಾವ ಎದ್ದು ಮಂಗಳೂರಿಗೆ ಹೋದರೆ ಎಷ್ಟೋ ಸಲ ಮುಂದಿನ ತಾರೀಕು ಬರೆಸಿಕೊಂಡು ಬಂದದ್ದಷ್ಟೇ.

ಅಲ್ಲಿ ಆ ಚೆಕ್ಕನ್ನು ಮತ್ತೆ ನೋಡಿದೆ. ಸಹಿ ನನ್ನದು, ನೀಲಿ ಶಾಯಿ, ಕೈ ನಡುಗಿ ಕೊನೆಯ ಅಕ್ಷರ ಗೆರೆ ದಾಟಿದೆ. ಮೊತ್ತ, ತಾರೀಕು ಕಪ್ಪು ಶಾಯಿಯಲ್ಲಿ, ಯಾರದೋ ದುಂಡು ಅಕ್ಷರ. ಖಾಲಿ ಚೆಕ್ ಎಂದರೆ ಬಿಡುಗಡೆ ಸಿಗುತ್ತದೆ ಅಂದುಕೊಂಡಿದ್ದೆ. ಸಹಿ ಹಾಕಿ ಕೊಟ್ಟ ಮೇಲೆ ಬೇರೆಯವರು ತುಂಬಿದರೂ ಹೊಣೆ ಸಹಿ ಹಾಕಿದವನದೇ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ ಎಂದರು ವಕೀಲರು.

ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ವೆಂಟಿಲೇಟರಿನ ಹಣ ಬಿಟ್ಟರು, ಉಳಿದದ್ದಕ್ಕೆ ನಾಲ್ಕು ಕಂತು. ನೋಟಿಸ್ ಬಂದ ವಾರವೇ ಹೋಗಿ ಮಾತಾಡಿದ್ದರೆ ಇದೇ ಆಗುತ್ತಿತ್ತು. ನಿಮಗೆ ಬಂದರೆ ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.

ಮೂರು ಕಂತು ಮುಗಿದಿದೆ. ಪೋಸ್ಟಿನವರು ದಣಪೆ ದಾಟಿದರೆ ಆಯಿ ಈಗಲೂ ಕೆಲಸ ಬಿಟ್ಟು ಹೊರಗೆ ಬರುತ್ತಾಳೆ. "ಮತ್ತೆ ಎಂತ ಬಂತೋ ತಮಾ?"